ಸೀಗೆಯಿಂದ ಸ್ಯಾಶೆಗೆ, ಸ್ಯಾಶೆಯಿಂದ ಸಲೂನಿಗೆ

ಭಾಗಮಂಡಲದಿಂದ ಘಟ್ಟವಿಳಿದು ಪಾಣತ್ತೂರಿನ ಕಡೆಗೆ ಸಾಗುವ ರಸ್ತೆಯಲ್ಲಿ ಕೊಡಗಿನ ಕೊನೆಯ ಊರು ಕರಿಕೆ. ಒಂದು ಬದಿಗೆ ತಲಕಾವೇರಿ ವನ್ಯಧಾಮದ ಕಾಡು, ಇನ್ನೊಂದು ಬದಿಗೆ ಕೇರಳದ ಕಾಸರಗೋಡು ಜಿಲ್ಲೆ. ಅರೆಭಾಷೆ, ಮಲೆಯಾಳ, ತುಳು, ಕನ್ನಡ ಎಲ್ಲವೂ ಕಿವಿಗೆ ಬೀಳುವ ಇಂಥ ಗಡಿ ಊರುಗಳ ಅಂಗಡಿಗಳಲ್ಲೂ ಶಾಂಪೂ ಪ್ಯಾಕೆಟ್ಟುಗಳ ಸರಗಳು ತೋರಣದಂತೆ ತೂಗುತ್ತವೆ. ಮಡಿಕೇರಿಗೋ ಕಾಞಂಗಾಡಿಗೋ ಹೋದವರಿಗೆ ಬ್ಯೂಟಿ ಪಾರ್ಲರಿನ ಗಾಜಿನ ಕಪಾಟಿನಲ್ಲಿ 'ಸಲೂನ್ ದರ್ಜೆ' ಎಂದು ಬರೆದುಕೊಂಡ ಬಾಟಲಿಗಳು ಕಾಣುತ್ತವೆ. ಆರು ಮಿಲಿಲೀಟರಿನ ಪ್ಯಾಕೆಟ್ಟಿಗೆ ಎರಡು ರೂಪಾಯಿ ಎಂದಿಟ್ಟುಕೊಂಡರೆ 250 ಮಿಲಿಲೀಟರಿಗೆ ಸುಮಾರು 83 ರೂಪಾಯಿ ಬೀಳುತ್ತದೆ. ಪಾರ್ಲರಿನ ಅಷ್ಟೇ ಗಾತ್ರದ ಬಾಟಲಿಗೆ 750 ರೂಪಾಯಿ ಎಂದುಕೊಳ್ಳೋಣ. ಬೆಲೆ ಒಂಬತ್ತು ಪಟ್ಟು. ಗುಣವೂ ಒಂಬತ್ತು ಪಟ್ಟೇ? ಉತ್ತರ ಬೇಕಿದ್ದರೆ ಈ ಎರಡು ಬಗೆಯ ಪದಾರ್ಥಗಳು ಬೇರೆಬೇರೆಯಾದದ್ದು ಹೇಗೆ ಎಂಬುದನ್ನು ಮೊದಲು ನೋಡಬೇಕು.

ಎರಡೂ ಇಲ್ಲದ ಕಾಲದಲ್ಲಿ ಕಾಡೇ ಕಪಾಟು. ಪಶ್ಚಿಮಘಟ್ಟದ ಮುಳ್ಳುಬಳ್ಳಿ ಸೀಗೆ, ಅಂಟುವಾಳದ ಮರ, ಬೇಲಿಯ ದಾಸವಾಳ ಇವು ತಲೆಸ್ನಾನದ ಸಾಮಗ್ರಿಗಳು. ದಾಸವಾಳದ ಎಲೆಯನ್ನು ಕಿವುಚಿ ತೆಗೆದ ಲೋಳೆಗೆ ಕರಾವಳಿಯ ಕಡೆ ಗೊಂಪು ಎನ್ನುತ್ತಾರೆ. ಮಲೆಯಾಳದಲ್ಲಿ ಅದು ತಾಳಿ. ಸೀಗೆಯಲ್ಲೂ ಅಂಟುವಾಳದಲ್ಲೂ ಇರುವುದು ಸಪೋನಿನ್ ಎಂಬ ರಾಸಾಯನಿಕ ವರ್ಗ. ಅದರ ಅಣುವಿನ ಒಂದು ಭಾಗ ಸಕ್ಕರೆಯಂಥದು, ನೀರನ್ನು ಬಯಸುತ್ತದೆ. ಇನ್ನೊಂದು ಭಾಗ ಜಿಡ್ಡನ್ನು ಬಯಸುತ್ತದೆ. ಶುದ್ಧ ನೀರಿನ ಮೇಲ್ಮೈ ಎಳೆತ ಕೋಣೆಯ ಉಷ್ಣತೆಯಲ್ಲಿ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಇಬ್ಬಗೆಯ ಒಲವಿನ ಇಂಥ ಅಣುಗಳು ನೀರಿನ ಮೇಲ್ಮೈಗೆ ಬಂದು ಸಾಲುಗಟ್ಟಿದಾಗ ಆ ಎಳೆತ ಬಹಳಷ್ಟು ಕುಗ್ಗುತ್ತದೆ, ನೀರು ಎಣ್ಣೆ ಹಚ್ಚಿದ ಕೂದಲಿನ ಎಳೆಗಳ ನಡುವೆ ನುಸುಳುತ್ತದೆ. ಗೊಂಪಿನ ಕೆಲಸ ಬೇರೆ. ಅದು ನೊರೆಗಿಂತ ಹೆಚ್ಚಾಗಿ ಜಾರುಗುಣ ಕೊಡುತ್ತದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಸೀಗೆ ಶಾಂಪೂ, ಗೊಂಪು ಕಂಡೀಷನರ್.

ಇವು ಪುಕ್ಕಟೆಯಾಗಿದ್ದವು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆರಿಸುವುದು, ಒಣಗಿಸುವುದು, ಕುಟ್ಟುವುದು, ಜರಡಿ ಹಿಡಿಯುವುದು, ಹಂಡೆಗೆ ಬೆಂಕಿ ಹಾಕುವುದು, ಇಷ್ಟೆಲ್ಲ ಮನೆಯ ಹೆಂಗಸರ ದುಡಿಮೆ. ಅದಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲ, ಅಷ್ಟೆ. ಪುಡಿ ಕಣ್ಣಿಗೆ ಬಿದ್ದರೆ ಉರಿ ಬೇರೆ.

ಶಾಂಪೂ ಎಂಬ ಪದ ಇಂಗ್ಲಿಷಿಗೆ ಹೋದದ್ದು ನಮ್ಮ ದೇಶದಿಂದಲೇ. ಹಿಂದಿಯಲ್ಲಿ 'ಚಾಂಪೋ' ಎಂದರೆ ಒತ್ತು, ತಿಕ್ಕು. ಪಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಹಬೆಸ್ನಾನ ಹಾಗೂ ಅಂಗಮರ್ದನದ ಗೃಹವನ್ನು ತೆರೆದು ಅದನ್ನು ಶಾಂಪೂಯಿಂಗ್ ಎಂದು ಕರೆದ. ರಾಜ ನಾಲ್ಕನೆಯ ಜಾರ್ಜ್ ಅವನ ಗಿರಾಕಿಯಾಗಿದ್ದ. ಆಗ ಅದು ಮೈಯ ಸೇವೆಯಾಗಿತ್ತು, ಪದಾರ್ಥವಾಗಿರಲಿಲ್ಲ. ತಲೆ ತೊಳೆಯುವುದು ಎಂಬ ಅರ್ಥ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ನಮ್ಮಲ್ಲಿ ಸೀಗೆಗೆ ಮೊದಲ ಸ್ಪರ್ಧಿ ಸೋಪು. ಬೆಂಗಳೂರಿನಲ್ಲಿ 1916ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾಯಿತು; 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಹೊರಬಂತು. ಮೈಗೆ ಒಗ್ಗಿದ ಸೋಪು ತಲೆಗೆ ಅಷ್ಟಾಗಿ ಒಗ್ಗಲಿಲ್ಲ. ಇದಕ್ಕೆ ಕಾರಣ ಎರಡು. ಸೋಪು ಪ್ರತ್ಯಾಮ್ಲೀಯ, ಅದು ಕೂದಲಿನ ಹೊರಪದರದಲ್ಲಿ ಹೆಂಚಿನಂತೆ ಜೋಡಿಸಿಕೊಂಡಿರುವ ಸೂಕ್ಷ್ಮ ಹಲ್ಲೆಗಳನ್ನು ಎಬ್ಬಿಸಿ ಎಳೆಗಳ ನಡುವಿನ ಘರ್ಷಣೆಯನ್ನು ಹೆಚ್ಚಿಸುತ್ತದೆ. ಸೀಗೆಯ ನೀರು ಮಂದ ಆಮ್ಲೀಯ. ಎರಡನೆಯದಾಗಿ, ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಸೇರಿ ಕರಗದ ಗಷ್ಟನ್ನು ಉಂಟುಮಾಡುತ್ತವೆ, ಅದು ಕೂದಲಿಗೆ ಅಂಟಿಕೊಳ್ಳುತ್ತದೆ.

ಎರಡನೆಯ ಕಾರಣಕ್ಕೂ ಭೂಗೋಳಕ್ಕೂ ನಂಟಿದೆ. ಕರಿಕೆಯಂಥ ಮಳೆನಾಡಿನ ತೊರೆಯ ನೀರಿನಲ್ಲಿ ಕರಗಿದ ಲವಣ ಕಡಿಮೆ. ಚೂರು ಸೋಪಿಗೂ ನೊರೆ ಉಕ್ಕುತ್ತದೆ. ಬಯಲುಸೀಮೆಯ ಕೊಳವೆಬಾವಿಗಳಲ್ಲಿ ಹಲವು ಹೀಗಲ್ಲ. ಮಲೆನಾಡಿನಿಂದ ಬೆಂಗಳೂರಿನ ಹಾಸ್ಟೆಲಿಗೆ ಬಂದ ಹುಡುಗಿಯರು ಕೂದಲು ಒರಟಾಯಿತೆಂದು ಒಂದರ ಮೇಲೊಂದು ಶಾಂಪೂ ಬದಲಿಸುವುದನ್ನು ಅಧ್ಯಾಪಕನಾಗಿ ಕೇಳುತ್ತಲೇ ಬಂದಿದ್ದೇನೆ. ಬದಲಾದದ್ದು ಬಹುಮಟ್ಟಿಗೆ ನೀರು. ಶಾಂಪೂ ಸೋಪಿನಂತೆ ಗಷ್ಟು ಕಟ್ಟದಿದ್ದರೂ ನೀರಿನ ಕ್ಯಾಲ್ಸಿಯಂ ಕೂದಲಿನ ಮೇಲೆ ಕೂರಬಲ್ಲದು. ಕೊನೆಯ ಒಂದು ತಂಬಿಗೆ ಮಳೆನೀರಿನದೋ ಶುದ್ಧೀಕರಿಸಿದ ನೀರಿನದೋ ಆದರೆ ಅದೇ ಅಗ್ಗದ ಶಾಂಪೂ ಬೇರೆಯಾಗಿ ವರ್ತಿಸುತ್ತದೆಯೇ ಎಂದು ಯಾರು ಬೇಕಾದರೂ ಪ್ರಯೋಗ ಮಾಡಿ ನೋಡಬಹುದು.

ಗಡಸು ನೀರಿಗೆ ಬಗ್ಗದ ಸಂಶ್ಲೇಷಿತ ಮಾರ್ಜಕಗಳು ಕೂದಲಿಗೆ ಬಂದದ್ದು 1930ರ ದಶಕದಲ್ಲಿ. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ 1934ರಲ್ಲಿ ಡ್ರೀನ್ ಎಂಬ ಸೋಪುರಹಿತ ಶಾಂಪೂವನ್ನು ತಂದಿತು. ಅದಕ್ಕೂ ಮುಂಚೆ, 1903ರಲ್ಲೇ, ಬರ್ಲಿನ್ನಿನ ಹಾನ್ಸ್ ಶ್ವಾರ್ಟ್ಸ್‌ಕಾಫ್ ನೀರಿಗೆ ಕಲಸಿಕೊಳ್ಳುವ ಶಾಂಪೂ ಪುಡಿಯನ್ನು ಪೊಟ್ಟಣಗಳಲ್ಲಿ ಮಾರುತ್ತಿದ್ದ. ಬಾಟಲಿಗಿಂತ ಪೊಟ್ಟಣವೇ ಹಿರಿಯದು!

ಹಾಗಾದರೆ 'ಸಲೂನ್ ದರ್ಜೆ' ಎಲ್ಲಿಂದ ಬಂತು? ಪ್ಯಾರಿಸ್ಸಿನ ರಸಾಯನಶಾಸ್ತ್ರಜ್ಞ ಯೂಜೀನ್ ಶುಲೇರ್ 1907ರಲ್ಲಿ ಸಂಶ್ಲೇಷಿತ ಕೂದಲುಬಣ್ಣವನ್ನು ತಯಾರಿಸಿ ನಗರದ ಕ್ಷೌರಿಕರಿಗೆ ಮಾರತೊಡಗಿದ. ಅವನು 1909ರಲ್ಲಿ ಕಟ್ಟಿದ ಕಂಪನಿಯೇ ಮುಂದೆ ಲೋರಿಯಾಲ್ ಆಯಿತು. ಬಣ್ಣ ಹಾಕಲು ಅಳತೆ, ಸಮಯ, ಕೈಚಳಕ ಬೇಕು. ತಪ್ಪಿದರೆ ಚರ್ಮ ಸುಡುತ್ತದೆ. ಆದ್ದರಿಂದ ಅದು ಪಳಗಿದವರ ಕೈಯಲ್ಲಿ ಮಾತ್ರ ಇರಬೇಕೆಂಬುದಕ್ಕೆ ಅರ್ಥವಿತ್ತು. ಆದರೆ ಅದೇ ಕಂಪನಿ 1934ರಲ್ಲಿ ಡಾಪ್ ಎಂಬ ಜನಸಾಮಾನ್ಯರ ಶಾಂಪೂವನ್ನೂ, 1964ರಲ್ಲಿ ಕೆರಾಸ್ತಾಸ್ ಎಂಬ ಸಲೂನು ಮಾಲಿಕೆಯನ್ನೂ ಹೊರತಂದಿತು. ಒಂದೇ ಮನೆಯ ಮಕ್ಕಳು, ಬೇರೆಬೇರೆ ಬಾಗಿಲಿನಿಂದ ಹೊರಟವರು. ಬಣ್ಣಕ್ಕೆ ನ್ಯಾಯವಾಗಿ ಸಲ್ಲುತ್ತಿದ್ದ ಮರ್ಯಾದೆ ಮೆಲ್ಲಗೆ ತೊಳೆಯುವ ಶಾಂಪೂವಿಗೂ ಅಂಟಿಕೊಂಡಿತು.

ನಮ್ಮ ದೇಶದಲ್ಲಿ ದಿಕ್ಕು ಬದಲಿಸಿದವರು ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್. ಸಿರಿವಂತರು ಬಳಸುವುದನ್ನು ಕೂಲಿಯವರೂ ಬಳಸುವಂತಾಗಬೇಕೆಂಬ ಹಂಬಲ ಅವರದು. ಶಾಂಪೂವನ್ನು ಪುಟ್ಟ ಪ್ಲಾಸ್ಟಿಕ್ ಪೊಟ್ಟಣಕ್ಕೆ ತುಂಬಿದ ಅವರ ಯತ್ನ ವೆಲ್ವೆಟ್ ಶಾಂಪೂವಾಗಿ ಹೆಸರಾಯಿತು. ಮಗ ಸಿ.ಕೆ. ರಂಗನಾಥನ್ 1983ರಲ್ಲಿ ತಂದೆಯ ಹೆಸರಿನಿಂದಲೇ 'ಚಿಕ್' ಶಾಂಪೂ ಆರಂಭಿಸಿದರು. ಖಾಲಿ ಪ್ಯಾಕೆಟ್ಟುಗಳನ್ನು ತಂದುಕೊಟ್ಟವರಿಗೆ ಒಂದು ಚಿಕ್ ಉಚಿತ ಎಂಬ ಉಪಾಯ, ಆಮೇಲೆ ಐವತ್ತು ಪೈಸೆಯ ಪ್ಯಾಕೆಟ್ಟು. ದೊಡ್ಡ ಕಂಪನಿಗಳೂ ಬೆನ್ನುಹತ್ತಿದವು. ಹಳ್ಳಿಯ ಒನಕೆ ಸೀಗೆಯನ್ನು ಬಿಟ್ಟದ್ದು ಸೋಪಿನಿಂದಲ್ಲ, ಈ ಪ್ಯಾಕೆಟ್ಟಿನಿಂದ. ಹಲವು ಪದರಗಳ ಆ ಪ್ಲಾಸ್ಟಿಕ್ಕಿಗೆ ಮರುಬಳಕೆಯ ದಾರಿಯಿಲ್ಲದೆ ಅದು ಇಂದು ತೊರೆದಡಗಳಲ್ಲಿ ಉಳಿದಿದೆ ಎಂಬುದು ಬೆಲೆಚೀಟಿಯಲ್ಲಿ ಕಾಣದ ಖರ್ಚು.

ಇನ್ನು ಒಳಗೇನಿದೆ ಎಂಬ ವಿಚಾರ. ದುಬಾರಿಯಾಗಲಿ ಅಗ್ಗವಾಗಲಿ, ಬಹುಪಾಲು ಶಾಂಪೂವಿನ ಮುಖ್ಯಾಂಶ ನೀರು. ನಂತರ ಸೋಡಿಯಂ ಲಾರೆತ್ ಸಲ್ಫೇಟಿನಂಥ ಮಾರ್ಜಕ, ಅದನ್ನು ಸೌಮ್ಯಗೊಳಿಸುವ ಬೀಟೇನ್, ಮಂದಗೊಳಿಸಲು ಹಲವುದರಲ್ಲಿ ಅಡಿಗೆಯ ಉಪ್ಪು. ಗಟ್ಟಿಯಾಗಿದ್ದರೆ ಸತ್ವ ಹೆಚ್ಚು ಎಂದು ನಂಬುವವರು ಈ ಉಪ್ಪನ್ನು ನೆನಪಿಡಬೇಕು. ವ್ಯತ್ಯಾಸ ಬರುವುದು ಸಿಲಿಕೋನ್, ಧನಾವೇಶದ ಪಾಲಿಮರ್ ಮತ್ತು ಪರಿಮಳದಲ್ಲಿ. ಒದ್ದೆ ಕೂದಲಿನ ಮೇಲ್ಮೈಯಲ್ಲಿ ಋಣಾವೇಶ ಹೆಚ್ಚು, ಸವೆದ ಕಡೆ ಇನ್ನೂ ಹೆಚ್ಚು. ಅಲ್ಲಿಗೆ ಧನಾವೇಶದ ಅಣುಗಳು ಹೋಗಿ ಅಂಟಿ ಘರ್ಷಣೆಯನ್ನೂ ಸ್ಥಾಯೀ ವಿದ್ಯುತ್ತನ್ನೂ ಇಳಿಸುತ್ತವೆ. ಬಣ್ಣ ಹಾಕಿಸಿಕೊಂಡ, ನೆಟ್ಟಗೆ ಮಾಡಿಸಿಕೊಂಡ ಕೂದಲಿಗೆ ಇದರ ಪ್ರಯೋಜನ ನಿಜ. ಆದರೆ ತೊಳೆಯುತ್ತಲೇ ಸಿಲಿಕೋನ್ ಲೇಪಿಸುವ ಉಪಾಯ 1987ರಲ್ಲಿ ಅಮೆರಿಕದ ಪರ್ಟ್ ಪ್ಲಸ್ ಮೂಲಕ ಬಂದದ್ದು ಸಾಮಾನ್ಯ ಅಂಗಡಿಗೇ, ಸಲೂನಿಗಲ್ಲ. ಇಂದು ಎರಡು ರೂಪಾಯಿಯ ಪ್ಯಾಕೆಟ್ಟುಗಳಲ್ಲೂ ಸಿಲಿಕೋನ್ ಇರಬಹುದು. ಯಾವ ರಾಸಾಯನಿಕವೂ ಮಾಡದ ಕೂದಲು ನಿಮ್ಮದಾದರೆ ಒಂಬತ್ತು ಪಟ್ಟು ಬೆಲೆಗೆ ಸಿಗುವುದು ಬಹುಮಟ್ಟಿಗೆ ಪರಿಮಳ, ಬಾಟಲಿ ಮತ್ತು ಅಂಗಡಿಯ ಬಾಡಿಗೆ ಎಂಬುದು ನನ್ನ ಅಭಿಪ್ರಾಯ. ಉಳಿದ ಹಣದಲ್ಲಿ ಒಂದು ಸಾಮಾನ್ಯ ಕಂಡೀಷನರ್ ಕೊಳ್ಳುವುದು ಮೇಲು.

ಮಳೆಗಾಲದಲ್ಲಿ ಕೂದಲು ಉಬ್ಬಿ ಕೆದರುವುದಕ್ಕೂ ಮದ್ದಿದೆ ಎಂದು ಪಾರ್ಲರುಗಳು ಹೇಳುತ್ತವೆ. ಜಿನೀವಾದ ಹೊರೇಸ್ ಬೆನೆಡಿಕ್ಟ್ ದ ಸೊಸ್ಯೂರ್ 1783ರಲ್ಲಿ ಮನುಷ್ಯನ ಕೂದಲಿನಿಂದಲೇ ಆರ್ದ್ರತಾಮಾಪಕವನ್ನು ರಚಿಸಿದ. ಒಣಹವೆಯಿಂದ ಪೂರ್ಣ ಆರ್ದ್ರತೆಗೆ ಹೋದರೆ ಕೂದಲು ಸುಮಾರು ಶೇಕಡ 2ರಷ್ಟು ಉದ್ದವಾಗುತ್ತದೆ. ಆ ಉಪಕರಣ ಹವಾಮಾನ ಕೇಂದ್ರಗಳಲ್ಲಿ ಇನ್ನೂರು ವರ್ಷ ದುಡಿಯಿತು. ಕರಿಕೆಯ ಆಷಾಢದಲ್ಲಿ ಕೂದಲು ಕೆದರುತ್ತದೆ ಎಂದರೆ ಉಪಕರಣ ಸರಿಯಾಗಿದೆ ಎಂದರ್ಥ! ಯಾವ ಶಾಂಪೂವೂ ತೇವವನ್ನು ಪೂರ್ತಿ ತಡೆಯಲಾರದು.

ತಡೆಯುತ್ತೇವೆಂದು ಹೊರಟ ಕೆಲವು ಚಿಕಿತ್ಸೆಗಳ ಚರಿತ್ರೆ ಕಳವಳಕಾರಿ. ಕೂದಲು ನೆಟ್ಟಗೆ ಮಾಡುವ ಕೆಲವು 'ಕೆರಾಟಿನ್' ದ್ರವಗಳಿಂದ ಹೊಮ್ಮುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2011ರಲ್ಲಿ ಇಂಥ ಒಂದು ಉತ್ಪನ್ನದ ಬಗ್ಗೆ ಎಚ್ಚರಿಕೆ ನೀಡಿತು. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಕಥೆಯೂ ಸುಖದ್ದಲ್ಲ: ಸಲೂನಿನಲ್ಲಿ ಮೂರು ಸಲ ಈ ಚಿಕಿತ್ಸೆ ಪಡೆದ ಯುವತಿಗೆ ಮೂರು ಸಲವೂ ಮೂತ್ರಪಿಂಡಕ್ಕೆ ಪೆಟ್ಟುಬಿದ್ದ ವರದಿ 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಸಲೂನ್ ದರ್ಜೆ ಎಂಬ ಮಾತು ಸುರಕ್ಷತೆಯ ಮುದ್ರೆಯಲ್ಲ.

ಹಾಗಾದರೆ ಕೊಳ್ಳುವವರು ನೋಡಬೇಕಾದದ್ದು ಲೇಬಲ್. ನಮ್ಮ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇಕಡ ಒಂದಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು; ಅದಕ್ಕಿಂತ ಕಡಿಮೆಯವು ಕೊನೆಯಲ್ಲಿ, ಯಾವ ಕ್ರಮದಲ್ಲಾದರೂ ಸರಿ. ಬಾಟಲಿಯ ಮುಂಬದಿಯಲ್ಲಿ ಸೀಗೆಯ ಚಿತ್ರ ದೊಡ್ಡದಾಗಿದ್ದು ಹಿಂಬದಿಯ ಪಟ್ಟಿಯಲ್ಲಿ ಅದರ ಹೆಸರು ಪರಿಮಳದ್ರವ್ಯದ ಆಚೆ ಬಂದಿದ್ದರೆ ಸೀಗೆ ಎಷ್ಟಿದೆ ಎಂದು ಊಹಿಸಿಕೊಳ್ಳಬಹುದು. ಆದರೆ 60 ಮಿಲಿಲೀಟರಿಗಿಂತ ಕಿರಿದಾದ ದ್ರವದ ಪೊಟ್ಟಣಗಳಿಗೆ ಈ ಪಟ್ಟಿ ಕಡ್ಡಾಯವಲ್ಲ. ಹೀಗಾಗಿ ಅಂಗಡಿಯ ಸರದಿಂದ ಪ್ಯಾಕೆಟ್ಟು ಹರಿದುಕೊಳ್ಳುವವರಿಗೆ ಒಳಗಿನದನ್ನು ತಿಳಿಯುವ ಅವಕಾಶ ಎಲ್ಲರಿಗಿಂತ ಕಡಿಮೆ. ಅದೇ ಹೆಸರಿನ ದೊಡ್ಡ ಬಾಟಲಿಯನ್ನು ಅಂಗಡಿಯಲ್ಲಿ ಒಮ್ಮೆ ತಿರುಗಿಸಿ ಓದಿ ಇಟ್ಟುಬರುವುದಕ್ಕೆ ಮಾತ್ರ ಯಾರೂ ಕಾಸು ಕೇಳುವುದಿಲ್ಲ.