ವಸಂತದ ಹೊಲಿಗೆ

“ತಾಯಿಯಂತೆ ಮಗಳು, ನೂಲಿನಂತೆ ಸೀರೆ” ಎಂಬ ಗಾದೆಯನ್ನು ಕೇಳದವರಿಲ್ಲ. ಆ ಗಾದೆಯಲ್ಲಿ ನೂಲುಂಟು, ಸೀರೆಯುಂಟು, ಸೂಜಿಯಿಲ್ಲ, ಕತ್ತರಿಯಿಲ್ಲ. ಮಗ್ಗದಿಂದ ಇಳಿದ ಬಟ್ಟೆಯನ್ನು ಹಾಗೆಯೇ ಉಡುತ್ತಿದ್ದ ಜನರ ಮಾತು ಅದು. ಆದರೂ ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದ ಮೇಲೆ, ಯುಗಾದಿಗೆ ಹುಡುಗಿಗೊಂದು ಹತ್ತಿಯ ಲಂಗ, ಹುಡುಗನಿಗೊಂದು ತೆಳು ಅಂಗಿ, ತಮಗೊಂದು ರವಿಕೆ ಆಗಲಿ ಎಂದು ಹೊಲಿಗೆಯಂತ್ರದ ಮೇಲಿನ ಹೊದಿಕೆ ತೆಗೆಯುವುದು ನಮ್ಮ ಪಟ್ಟಣಗಳ ಎಷ್ಟೋ ಮನೆಗಳಲ್ಲಿ ಎರಡು ಮೂರು ತಲೆಮಾರು ನಡೆದುಬಂದ ಪದ್ಧತಿ.

ಋತುವಿಗೆ ತಕ್ಕ ಬಟ್ಟೆಯನ್ನು ಮನೆಯಲ್ಲೇ ಹೊಲಿದುಕೊಳ್ಳುವುದು ಅನಾದಿಯಿಂದ ಬಂದ ಗೃಹಕೃತ್ಯವೆಂದು ನಮಗೆ ತೋರುತ್ತದೆ. ಸೂಜಿಯ ಮಟ್ಟಿಗೆ ಅದು ನಿಜ. ಆದರೆ ಇಂದು ನಾವು ಕಾಣುವ ರೀತಿಯ ಮನೆಹೊಲಿಗೆ ಹುಟ್ಟಬೇಕಾದರೆ ಮೂರು ಸಂಗತಿಗಳು ಒಂದಾದ ಮೇಲೊಂದು ಮನೆಯ ಹೊಸಿಲು ದಾಟಿ ಒಳಗೆ ಬರಬೇಕಾಯಿತು. ಮೊದಲನೆಯದು ಯಂತ್ರ, ಎರಡನೆಯದು ಅದನ್ನು ಕೊಳ್ಳುವ ಶಕ್ತಿ, ಮೂರನೆಯದು ಬಟ್ಟೆಯನ್ನು ಕತ್ತರಿಸುವ ವಿದ್ಯೆ. ಈ ಮೂರನೆಯದು ಎಲ್ಲಕ್ಕಿಂತ ತಡವಾಗಿ ಬಂತು. ಈಗ ಎಲ್ಲಕ್ಕಿಂತ ಮೊದಲು ಮನೆ ಬಿಟ್ಟು ಹೋಗುತ್ತಿರುವುದೂ ಅದೇ.

ಕಥೆಯ ಮೊದಲ ಭಾಗ ನಡೆದದ್ದು ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ. ಅಲ್ಲಿ ಚಳಿಗಾಲ ದೀರ್ಘ, ಬೇಸಗೆ ಮೋಟು. ಹಿಮ ಕರಗುತ್ತಿದ್ದಂತೆ ಉಣ್ಣೆಯ ಉಡುಪನ್ನು ಪೆಟ್ಟಿಗೆಗೆ ಸೇರಿಸಿ ಹತ್ತಿಯ ಉಡುಪನ್ನು ಹೊರತೆಗೆಯಬೇಕು. ಹೋದ ವರ್ಷದ ಅಂಗಿ ಈ ವರ್ಷ ಮಕ್ಕಳಿಗೆ ಗಿಡ್ಡವಾಗಿರುತ್ತದೆ. ಹೀಗಾಗಿ ವಸಂತಕ್ಕೊಮ್ಮೆ, ಶರತ್ಕಾಲಕ್ಕೊಮ್ಮೆ, ವರ್ಷಕ್ಕೆ ಎರಡು ಸಲ ಆ ಮನೆಗಳಲ್ಲಿ ಹೊಲಿಗೆಯ ಸುಗ್ಗಿ. ಅನುಕೂಲಸ್ಥರ ಮನೆಗೆ ಹೊಲಿಗೆಯಾಕೆಯೊಬ್ಬಳು ಬಂದು ವಾರಗಟ್ಟಲೆ ಇದ್ದು ಕೆಲಸ ಮುಗಿಸಿಕೊಟ್ಟು ಮುಂದಿನ ಮನೆಗೆ ಹೋಗುತ್ತಿದ್ದಳು. ಉಳಿದ ಮನೆಗಳಲ್ಲಿ ತಾಯಿ, ಹೆಣ್ಣುಮಕ್ಕಳು ಹಗಲೆಲ್ಲ ಮನೆಗೆಲಸ ಮುಗಿಸಿ ರಾತ್ರಿ ದೀಪದ ಮುಂದೆ ಕೂಡುತ್ತಿದ್ದರು. ಅವರು ಬೇಸಗೆಗೆ ಹೆಚ್ಚಾಗಿ ಬಳಸುತ್ತಿದ್ದ ಅಗ್ಗದ ಹತ್ತಿ ಬಟ್ಟೆಯ ಹೆಸರು ಕ್ಯಾಲಿಕೊ. ಆ ಹೆಸರು ನಮ್ಮ ನೆರೆಯ ಕಲ್ಲಿಕೋಟೆಯಿಂದ ಹಡಗು ಹತ್ತಿ ಹೋದದ್ದು.

ಕೈಹೊಲಿಗೆಗೆ ಹಿಡಿಯುತ್ತಿದ್ದ ಹೊತ್ತೆಷ್ಟು? ವ್ಹೀಲರ್ ಮತ್ತು ವಿಲ್ಸನ್ ಎಂಬ ಯಂತ್ರದ ಕಂಪೆನಿ 1860ರ ಸುಮಾರಿಗೆ ಒಂದು ಲೆಕ್ಕವನ್ನು ಪ್ರಕಟಿಸಿತು. ಗಂಡಸರ ಒಂದು ಅಂಗಿಗೆ ಕೈಯಲ್ಲಾದರೆ 14 ಗಂಟೆ 26 ನಿಮಿಷ. ಯಂತ್ರದಲ್ಲಾದರೆ 1 ಗಂಟೆ 16 ನಿಮಿಷ. ಕ್ಯಾಲಿಕೊ ಬಟ್ಟೆಯ ಒಂದು ನಿಲುವಂಗಿಗೆ ಕೈಯಲ್ಲಿ 6 ಗಂಟೆ 37 ನಿಮಿಷ. ಯಂತ್ರದಲ್ಲಿ 57 ನಿಮಿಷ. ಇದು ಯಂತ್ರ ಮಾರುವವರೇ ಮಾಡಿದ ಲೆಕ್ಕವೆಂಬುದನ್ನು ನೆನಪಿನಲ್ಲಿಡಬೇಕು. ಹಾಗಿದ್ದರೂ ಒಂದು ಮನೆಯ ಗಂಡಸರಿಗೆ ಆರು ಅಂಗಿ ಬೇಕೆಂದರೆ ಕೈಹೊಲಿಗೆಗೆ 86 ಗಂಟೆಗೂ ಹೆಚ್ಚು ಹೊತ್ತು ಬೇಕು ಎಂಬ ಮಾತು ಯೋಚನೆಗೆ ಹಚ್ಚುವಂಥದು. ಮನೆಗಾಗಿ ಹೊಲಿಯುವವರ ಪಾಡು ಹೀಗಾದರೆ ಕೂಲಿಗಾಗಿ ಹೊಲಿಯುವವರ ಪಾಡು ಇನ್ನೂ ಕಷ್ಟ. 1843ರಲ್ಲಿ ಲಂಡನ್ನಿನ ‘ಪಂಚ್’ ಪತ್ರಿಕೆಯಲ್ಲಿ ಕವಿ ಥಾಮಸ್ ಹುಡ್ ಅಂಗಿ ಹೊಲಿಯುವ ಬಡ ಹೆಂಗಸಿನ ಬಗ್ಗೆ ಬರೆದ ಕವಿತೆ ಇಂಗ್ಲೆಂಡಿನ ಜನರ ಮನಸ್ಸನ್ನು ಕಲಕಿದ್ದು ಇದೇ ಕಾರಣದಿಂದ.

ಯಂತ್ರವನ್ನು ಕಂಡುಹಿಡಿದವನು ಒಬ್ಬನಲ್ಲ. ಫ್ರಾನ್ಸಿನ ಬಾರ್ಥೆಲೆಮಿ ತಿಮೊನಿಯೆ ಎಂಬ ದರ್ಜಿ 1830ರಲ್ಲಿ ಮರದ ಯಂತ್ರವೊಂದಕ್ಕೆ ಹಕ್ಕು ಪಡೆದು, ಪ್ಯಾರಿಸಿನಲ್ಲಿ ಸೈನಿಕರ ಉಡುಪು ಹೊಲಿಯುವ ಕಾರ್ಖಾನೆಯನ್ನು ನಡೆಸಿದ. ತಮ್ಮ ಅನ್ನಕ್ಕೆ ಸಂಚಕಾರ ಬಂತೆಂದು ಹೆದರಿದ ದರ್ಜಿಗಳ ಗುಂಪು 1831ರಲ್ಲಿ ಅಲ್ಲಿದ್ದ ಸುಮಾರು 80 ಯಂತ್ರಗಳನ್ನು ಪುಡಿಮಾಡಿತು. ತಿಮೊನಿಯೆ ಬಡತನದಲ್ಲೇ ತೀರಿಕೊಂಡ. ಅಮೆರಿಕದ ಎಲಿಯಾಸ್ ಹೋವ್ 1846ರ ಸೆಪ್ಟೆಂಬರ್ 10ರಂದು ಪಡೆದ ಹಕ್ಕಿನಲ್ಲಿ ಇಂದಿನ ಯಂತ್ರದ ಜೀವಾಳವಿದೆ. ಕೈಸೂಜಿಗೆ ಕಣ್ಣು ಹಿಂದೆ ಇದ್ದರೆ ಇವನ ಸೂಜಿಗೆ ಕಣ್ಣು ಮೊನೆಯ ಹತ್ತಿರ. ಸೂಜಿ ಬಟ್ಟೆಯನ್ನು ಚುಚ್ಚಿ ದಾರದ ಕುಣಿಕೆಯೊಂದನ್ನು ಆಚೆಗೆ ಬಿಡುತ್ತದೆ. ನೇಕಾರನ ಲಾಳಿಯಂಥ ಪುಟ್ಟ ಲಾಳಿಯೊಂದು ಇನ್ನೊಂದು ದಾರವನ್ನು ಆ ಕುಣಿಕೆಯೊಳಗೆ ತೂರಿಸುತ್ತದೆ. ಎರಡು ದಾರಗಳು ಬಟ್ಟೆಯ ನಡುವೆ ಒಂದನ್ನೊಂದು ಬಿಗಿಹಿಡಿಯುವುದರಿಂದ ಒಂದು ಕಡೆ ಕಿತ್ತರೆ ಇಡೀ ಹೊಲಿಗೆ ಬಿಚ್ಚಿ ಬರುವುದಿಲ್ಲ. ನಿಮಿಷಕ್ಕೆ ಸುಮಾರು 250 ಹೊಲಿಗೆ ಹಾಕುತ್ತಿದ್ದ ಈ ಯಂತ್ರ ಬಾಸ್ಟನ್ನಿನಲ್ಲಿ ಐದು ಮಂದಿ ಚುರುಕು ಹೊಲಿಗೆಯವರನ್ನು ಪಂದ್ಯದಲ್ಲಿ ಸೋಲಿಸಿತು. ಆದರೂ ಕೊಳ್ಳುವವರು ಬರಲಿಲ್ಲ. ಕಷ್ಟದ ದಿನಗಳಲ್ಲಿ ಹೊಲಿಗೆಯ ಕೂಲಿಯಿಂದ ಮನೆಗೆ ಆಸರೆಯಾಗಿದ್ದವಳು ಹೋವನ ಹೆಂಡತಿ. ಯಂತ್ರದಿಂದ ಹಣ ಬರುವ ಮೊದಲೇ ಆಕೆ ಕಣ್ಣು ಮುಚ್ಚಿದಳು.

1851ರಲ್ಲಿ ಐಸಾಕ್ ಸಿಂಗರ್ ಹಕ್ಕು ಪಡೆದ ಯಂತ್ರದಲ್ಲಿ ಸೂಜಿ ನೆಟ್ಟಗೆ ನಿಂತು ಮೇಲೆ ಕೆಳಗೆ ಆಡುತ್ತಿತ್ತು. ಅದನ್ನು ಕಾಲಿನಿಂದ ತುಳಿದು ನಡೆಸಬಹುದಾಗಿತ್ತು. ಬಟ್ಟೆಯನ್ನು ಹಿಡಿಯಲು ಎರಡು ಕೈಗಳೂ ಬಿಡುವಾದುವು. ಯಾರ ಹಕ್ಕು ಯಾವುದೆಂದು ಕೋರ್ಟುಗಳಲ್ಲಿ ವರ್ಷಗಟ್ಟಲೆ ಕಾದಾಡಿದ ಮೇಲೆ 1856ರಲ್ಲಿ ಪ್ರಮುಖ ತಯಾರಕರು ತಮ್ಮ ಹಕ್ಕುಗಳನ್ನೆಲ್ಲ ಒಂದುಗೂಡಿಸಿಕೊಂಡು ರಾಜಿಯಾದರು.

ಯಂತ್ರವೇನೋ ಸಿದ್ಧವಾಯಿತು. ಆದರೆ ಅದರ ಬೆಲೆ 100 ಡಾಲರಿನ ಆಸುಪಾಸು. ಆಗ ಸಾಧಾರಣ ಸಂಸಾರದ ವರ್ಷದ ವರಮಾನ ಸುಮಾರು 500 ಡಾಲರ್. ಐದರಲ್ಲೊಂದು ಪಾಲನ್ನು ಒಮ್ಮೆಗೇ ಯಾರು ತೆತ್ತಾರು? ಸಿಂಗರನ ಪಾಲುದಾರ, ವಕೀಲ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಇದಕ್ಕೊಂದು ದಾರಿ ಕಂಡ. ಮೊದಲು ಸ್ವಲ್ಪ ಹಣ ಕಟ್ಟಿ ಯಂತ್ರವನ್ನು ಮನೆಗೆ ಒಯ್ಯಿರಿ. ಉಳಿದದ್ದನ್ನು ತಿಂಗಳ ಕಂತಿನಲ್ಲಿ ತೀರಿಸಿರಿ ಎಂದ. 1855ರಲ್ಲಿ 883 ಯಂತ್ರ ಮಾರಿದ್ದ ಕಂಪೆನಿ 1856ರಲ್ಲಿ 2,564 ಮಾರಿತು. ಇಂದು ನಮ್ಮ ಮನೆಗಳಿಗೆ ಕಂತಿನ ಮೇಲೆ ಬರುವ ಎಷ್ಟೋ ಸಾಮಾನುಗಳ ಹಿಂದೆ ಹೊಲಿಗೆಯಂತ್ರದ ಈ ಉಪಾಯವಿದೆ.

ಇಲ್ಲಿಗೆ ಎರಡು ಸಂಗತಿಗಳು ಮನೆಯೊಳಗೆ ಬಂದಂತಾಯಿತು. ಆದರೆ ಯಂತ್ರಕ್ಕೆ ತಿಳಿದಿರುವುದು ಎರಡು ತುಂಡುಗಳನ್ನು ಕೂಡಿಸುವುದಷ್ಟೆ. ಆ ತುಂಡುಗಳು ಯಾವ ಆಕಾರದಲ್ಲಿರಬೇಕೆಂಬುದು ಅದಕ್ಕೆ ಗೊತ್ತಿಲ್ಲ. ನನ್ನ ಸೋದರತ್ತೆಯೊಬ್ಬರು ಬಹು ನೇರವಾಗಿ, ಅಂದವಾಗಿ ಹೊಲಿಯುತ್ತಿದ್ದರು. ಆದರೆ ಹೊಸ ಬಟ್ಟೆಗೆ ಕತ್ತರಿ ಹಾಕಲು ಅವರ ಕೈ ನಡುಗುತ್ತಿತ್ತು. ಬಟ್ಟೆಯನ್ನು ಬೀದಿಯ ಕೊನೆಯ ದರ್ಜಿಗೆ ಕೊಟ್ಟು, ಕತ್ತರಿಸಿಕೊಡಲು ಬೇರೆ ಕಾಸು ತೆತ್ತು, ತುಂಡುಗಳನ್ನು ಮನೆಗೆ ತಂದು ಹೊಲಿಯುತ್ತಿದ್ದರು. “ಹೊಲಿದದ್ದು ತಪ್ಪಿದರೆ ಬಿಚ್ಚಬಹುದು ಕಣೋ, ಕತ್ತರಿಸಿದ್ದನ್ನು ಕೂಡಿಸೋಕಾಗುತ್ತೇನೋ?” ಎಂಬುದು ಅವರ ಮಾತು. ದರ್ಜಿಯ ನಿಜವಾದ ಬಂಡವಾಳ ಸೂಜಿಯಲ್ಲ, ಕತ್ತರಿ ಎಂಬುದನ್ನು ನಾನು ತಿಳಿದದ್ದು ಆಗ.

ಅಮೆರಿಕದ ಗೃಹಿಣಿಯರ ಕಷ್ಟವೂ ಇದೇ ಆಗಿತ್ತು. ಮಹಿಳೆಯರ ಪತ್ರಿಕೆಗಳು ಉಡುಪಿನ ನಕ್ಷೆಗಳನ್ನು ಅಚ್ಚು ಹಾಕುತ್ತಿದ್ದುದುಂಟು. ಆದರೆ ಅವೆಲ್ಲ ಒಂದೇ ಅಳತೆಯವು. ತಮ್ಮ ಮೈಗೆ ತಕ್ಕಂತೆ ಹಿಗ್ಗಿಸುವುದು, ಕುಗ್ಗಿಸುವುದು ಓದುವವರ ತಲೆನೋವು. ಮ್ಯಾಸಚೂಸೆಟ್ಸ್ ರಾಜ್ಯದ ಸ್ಟರ್ಲಿಂಗ್ ಎಂಬ ಊರಿನಲ್ಲಿ ಎಬೆನೆಝರ್ ಬಟರಿಕ್ ಎಂಬ ದರ್ಜಿಯಿದ್ದ. ಅವನ ಹೆಂಡತಿ ಎಲೆನ್ ಮಗನಿಗೆ ಚೌಕಳಿ ಬಟ್ಟೆಯಲ್ಲಿ ಅಂಗಿ ಹೊಲಿಯಲು ಹೊರಟು, ಮಗುವಿನ ಅಳತೆಗೆ ಸರಿಯಾದ ನಕ್ಷೆಯಿದ್ದರೆ ಎಷ್ಟು ಸುಲಭವಾಗುತ್ತಿತ್ತೆಂದು ಗಂಡನಿಗೆ ಹೇಳಿದಳಂತೆ. 1863ರಲ್ಲಿ ಬಟರಿಕ್ ಅಳತೆ ಅಳತೆಗೂ ಬೇರೆ ಬೇರೆಯಾಗಿ ಕತ್ತರಿಸಿದ ನಕ್ಷೆಗಳನ್ನು ಮಾರಾಟಕ್ಕಿಟ್ಟ. ಮೊದಲು ದಪ್ಪ ಕಾಗದದಲ್ಲಿ, ಬಳಿಕ ಮಡಿಸಿ ಅಂಚೆಯಲ್ಲಿ ಕಳಿಸಬಹುದಾದ ತೆಳು ಕಾಗದದಲ್ಲಿ. ಆರಂಭದಲ್ಲಿ ಗಂಡಸರ, ಹುಡುಗರ ಉಡುಪು ಮಾತ್ರ. ಇಟಲಿಯ ವೀರ ಗ್ಯಾರಿಬಾಲ್ಡಿಯ ವೇಷವನ್ನು ಹೋಲುವ ಹುಡುಗರ ಉಡುಪಿಗೆ ಬಹಳ ಬೇಡಿಕೆಯಿತ್ತು. 1866ರಿಂದ ಹೆಂಗಸರ ಉಡುಪಿನ ನಕ್ಷೆಗಳೂ ಬಂದವು. ಕಾಗದವನ್ನು ಬಟ್ಟೆಯ ಮೇಲಿಟ್ಟು, ಅಂಚಿನ ಗುಂಟ ಕತ್ತರಿಸಿ, ಗುರುತಿಗೆ ಗುರುತು ಕೂಡಿಸಿದರೆ ಆಯಿತು. ದರ್ಜಿಯ ತಲೆಯಲ್ಲಿದ್ದ ವಿದ್ಯೆ ಕಾಗದವಾಗಿ ಹಳ್ಳಿಯ ಅಂಚೆಮನೆಗೆ ಬಂದಿಳಿಯಿತು. ವಸಂತದ ಹೊಲಿಗೆ ಆಗ ಪೂರ್ತಿಯಾಗಿ ಮನೆಯದಾಯಿತು.

ಇದರಿಂದ ಹೆಂಗಸರಿಗೆ ಬಿಡುವು ಸಿಕ್ಕಿತೆ? ಪೂರ್ತಿಯಾಗಿ ಸಿಕ್ಕಿತೆಂದು ಹೇಳಲಾಗದು. ಒಂದು ಗಂಟೆಯಲ್ಲಿ ಆಗುವ ಕೆಲಸವೆಂದ ಕೂಡಲೆ ಎರಡು ಅಂಗಿಯ ಕಡೆ ನಾಲ್ಕಾದವು. ನಿಲುವಂಗಿಗಳಿಗೆ ನೆರಿಗೆಯ ಮೇಲೆ ನೆರಿಗೆ, ಝಾಲರಿಯ ಮೇಲೆ ಝಾಲರಿ ಬಂದವು. ಯಂತ್ರ ಉಳಿಸಿದ ಹೊತ್ತಿನಲ್ಲಿ ಒಂದಷ್ಟನ್ನು ಫ್ಯಾಷನ್ನು ನುಂಗಿತು.

ನಮ್ಮ ನಾಡಿನಲ್ಲಿ ಕಥೆ ಬೇರೆ ರೀತಿಯಲ್ಲಿ ನಡೆಯಿತು. ನಾವು ಸೂಜಿಯನ್ನು ಅರಿಯದವರಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ಹೆಸರೇ ಅವರ ವೃತ್ತಿಯನ್ನು ಹೇಳುತ್ತದೆ. ಸಂಸ್ಕೃತದ ಕೂರ್ಪಾಸವೇ ನಮ್ಮ ಕುಪ್ಪಸ. ಗುಳೇದಗುಡ್ಡದ ಖಣವಂತೂ ಕುಪ್ಪಸಕ್ಕೆಂದೇ ನೇಯುವ ಬಟ್ಟೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಅದನ್ನು ಕೊಡುವ ಪದ್ಧತಿಯುಂಟು. ಧಾರವಾಡದ ಕಡೆಯ ಕಸೂತಿ, ಹಳೆಯ ಸೀರೆಗಳನ್ನು ಪದರವಾಗಿ ಹಾಸಿ ಹೊಲಿಯುವ ಕೌದಿ, ಇವೆಲ್ಲ ಮನೆಯ ಹೆಂಗಸರ ಕೈಯವೇ. ಆದರೂ ಸೀರೆ, ಪಂಚೆ, ಧೋತರಗಳ ನಾಡಿನಲ್ಲಿ ಹೊಲಿಗೆಯಂತ್ರಕ್ಕೆ ಕೆಲಸ ಕಡಮೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಿಂಗರ್ ಕಂಪೆನಿಯ ವ್ಯಾಪಾರವನ್ನು ಇಲ್ಲಿ ನೋಡಿಕೊಳ್ಳುತ್ತಿದ್ದ ಪಾರ್ಸಿ ಗೃಹಸ್ಥ ಎನ್. ಎಂ. ಪಟೇಲರಿಗೆ ಇದೇ ದೊಡ್ಡ ತೊಡಕಾಗಿ ಕಂಡಿತು.

ಯಂತ್ರಕ್ಕೆ ನಮ್ಮ ಮನೆಯ ಬಾಗಿಲು ತೆರೆದದ್ದು ರವಿಕೆ. 1860ರ ದಶಕದಲ್ಲಿ ಗಂಡ ಸತ್ಯೇಂದ್ರನಾಥ ಠಾಕೂರರೊಡನೆ ಬಂಗಾಳದಿಂದ ಮುಂಬಯಿಗೆ ಬಂದ ಜ್ಞಾನದಾನಂದಿನೀ ದೇವಿಯವರು, ಪಾರ್ಸಿ ಮಹಿಳೆಯರನ್ನು ನೋಡಿ, ರವಿಕೆ ಲಂಗಗಳ ಮೇಲೆ ಸೀರೆ ಉಡುವ ಹೊಸ ಕ್ರಮವೊಂದನ್ನು ರೂಢಿಸಿಕೊಂಡರು. 1871ರಲ್ಲಿ ಬಂಗಾಳಿಯ ‘ಬಾಮಾಬೋಧಿನಿ ಪತ್ರಿಕಾ’ದ ಮೂಲಕ ಅದನ್ನು ಇತರರಿಗೂ ತಿಳಿಸಿದರು. ಹೆಣ್ಣುಮಕ್ಕಳು ಶಾಲೆಗೆ, ಸಭೆಗೆ ಹೋಗತೊಡಗಿದಂತೆ ಮೈಗೊಪ್ಪುವ ರವಿಕೆ, ಜಂಪರ್, ಒಳಲಂಗಗಳು ದೇಶದ ಎಲ್ಲ ಕಡೆ ದಿನದ ಉಡುಪಾದವು. ಮಗ್ಗದ ನಾಡಿಗೂ ಕತ್ತರಿಯ ವಿದ್ಯೆ ಬೇಕಾಯಿತು.

ಯಂತ್ರಗಳ ವಿಷಯದಲ್ಲಿ ಬಹಳ ಎಚ್ಚರದಿಂದಿದ್ದ ಗಾಂಧೀಜಿಯವರು 1924ರಲ್ಲಿ ಹೊಲಿಗೆಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿಯುವ ಕಷ್ಟವನ್ನು ನೋಡಲಾರದೆ ಪ್ರೀತಿಯಿಂದ ಸಿಂಗರ್ ಅದನ್ನು ರಚಿಸಿದನೆಂದು ಅವರು ನಂಬಿದ್ದರು. ಚರಿತ್ರೆಯ ದೃಷ್ಟಿಯಿಂದ ಆ ಕಥೆ ಸಿಂಗರನಿಗಿಂತ ಹೋವನ ಮನೆಗೆ ಹೆಚ್ಚು ಸಲ್ಲುತ್ತದೆ. ಆದರೆ ಗಾಂಧೀಜಿಯವರ ಅಳತೆಗೋಲು ತಪ್ಪಲಿಲ್ಲ: ಯಂತ್ರ ಒಬ್ಬ ವ್ಯಕ್ತಿಯ ಶ್ರಮವನ್ನು ಹಗುರ ಮಾಡುತ್ತದೆಯೆ, ಅವನ ಕೈಯನ್ನೇ ನಿರುಪಯೋಗಿ ಮಾಡುತ್ತದೆಯೆ ಎಂಬುದು ಅವರ ಪ್ರಶ್ನೆ. 1930ರ ದಶಕದಲ್ಲಿ ಕಲ್ಕತ್ತೆಯ ಜೇ ಇಂಜಿನಿಯರಿಂಗ್ ಕಾರ್ಖಾನೆಯಿಂದ ‘ಉಷಾ’ ಹೊಲಿಗೆಯಂತ್ರ ಬಂದ ಮೇಲೆ ಸ್ವದೇಶೀ ಯಂತ್ರವೇ ದೊರೆಯುವಂತಾಯಿತು. ಮುಂದೆ ಮದುವೆಯ ಬಳುವಳಿಯಲ್ಲಿ ಹೊಲಿಗೆಯಂತ್ರಕ್ಕೆ ಜಾಗ ಸಿಕ್ಕಿತು. ದುಡಿಯುವವರನ್ನು ಕಳೆದುಕೊಂಡ ಎಷ್ಟೋ ಸಂಸಾರಗಳನ್ನು ಅದು ಬೀದಿಗೆ ಬೀಳದಂತೆ ಕಾಪಾಡಿತು.

ಬಟರಿಕ್ಕನ ಕಾಗದ ಮಾತ್ರ ನಮ್ಮಲ್ಲಿ ಅಷ್ಟಾಗಿ ನೆಲೆಯೂರಲಿಲ್ಲ. ಅದರ ಜಾಗದಲ್ಲಿ ನಾವು ಇಟ್ಟುಕೊಂಡದ್ದು ‘ಅಳತೆಯ ರವಿಕೆ’. ಮೈಗೆ ಸರಿಯಾಗಿ ಕೂತ ಹಳೆಯ ರವಿಕೆಯೊಂದನ್ನು ಜೋಪಾನ ಮಾಡಿ, ಹೊಸ ಬಟ್ಟೆಯ ಜೊತೆಗೆ ದರ್ಜಿಗೆ ಕಳಿಸುವುದು ಇಂದಿಗೂ ನಡೆದಿದೆ. ಜಾಣೆಯರು ಅದೇ ರವಿಕೆಯನ್ನು ಹಳೆಯ ವೃತ್ತಪತ್ರಿಕೆಯ ಮೇಲೆ ಹರಡಿ, ಸುತ್ತ ಗೆರೆ ಎಳೆದು, ಮಡಿಕೆಗೆ ಅರ್ಧ ಮುಕ್ಕಾಲು ಅಂಗುಲ ಬಿಟ್ಟು ತಾವೇ ಕತ್ತರಿಸಿಕೊಂಡರು. ಅಂಚೆಯಲ್ಲಿ ಬರಬೇಕಾದ ಕಾಗದವನ್ನು ಅವರು ಮನೆಯಲ್ಲೇ ಮಾಡಿಕೊಂಡರು.

ಈಗ ಸಿದ್ಧ ಉಡುಪಿನ ಕಾಲ. ಅಂಗಡಿಯ ಅಂಗಿ ಮನೆಯ ಅಂಗಿಗಿಂತ ಅಗ್ಗವಾಗಿ ಸಿಗುವುದರಿಂದ ಹಣದ ಲೆಕ್ಕದಲ್ಲಿ ಮನೆಹೊಲಿಗೆ ಗೆಲ್ಲುವುದು ಕಷ್ಟ. ಹಾಗೆಂದು ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಗೆ ತಳ್ಳಿದ ನಮಗೆ 2020ರಲ್ಲಿ ಒಂದು ಪಾಠವಾಯಿತು. ಕೊರೋನಾ ಹರಡಿ ಅಂಗಡಿಗಳೆಲ್ಲ ಮುಚ್ಚಿದ್ದ ಆ ಬೇಸಗೆಯಲ್ಲಿ, ಮನೆಯಲ್ಲೇ ಬಟ್ಟೆಯ ಮುಖಗವಸು ಮಾಡಿಕೊಳ್ಳಿರೆಂದು ಸರ್ಕಾರವೇ ಹೇಳಬೇಕಾಯಿತು. ಆಗ ಹೊದಿಕೆ ತೆಗೆದು ಯಂತ್ರಕ್ಕೆ ಎಣ್ಣೆ ಬಿಟ್ಟವರು, ಹಳೆಯ ಸೀರೆ ಪಂಚೆಗಳನ್ನು ಅಳೆದು ಕತ್ತರಿಸಿ ನೆರೆಹೊರೆಯವರಿಗೂ ಹೊಲಿದುಕೊಟ್ಟವರು ಯಾರು? ಹೆಚ್ಚಾಗಿ ಮನೆಯ ಅಜ್ಜಿಯರು, ಅತ್ತೆಯರು. ಯಂತ್ರವನ್ನು ಹಣ ಕೊಟ್ಟರೆ ನಾಳೆಯೂ ತರಬಹುದು. ಅವರ ಕೈಯಲ್ಲಿದ್ದ ಕತ್ತರಿಯ ವಿದ್ಯೆಯನ್ನು ಹಾಗೆ ತರಲಾಗದು.

ಆದ್ದರಿಂದ ಮುಂದಿನ ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ಹಳೆಯ ರವಿಕೆಯೊಂದರ ಹೊಲಿಗೆ ಬಿಚ್ಚಿ, ತುಂಡುಗಳನ್ನು ವೃತ್ತಪತ್ರಿಕೆಯ ಮೇಲೆ ಹರಡಿ, ಮನೆಯ ಹುಡುಗಿಗೂ ಹುಡುಗನಿಗೂ ತೋರಿಸಿ. ಮೊದಲ ಅಂಗಿಯ ತೋಳು ಸೊಟ್ಟಗಾದರೂ ಚಿಂತೆಯಿಲ್ಲ. ಕತ್ತರಿಯನ್ನು ಮಾತ್ರ ಅವರ ಕೈಗೇ ಕೊಡಿ.