ಸ್ಪ್ರೆಡ್‌ಶೀಟ್–ಸ್ಲೈಡ್ ಜೋಡಣೆ

ಸ್ಪ್ರೆಡ್‌ಶೀಟ್–ಸ್ಲೈಡ್ ಜೋಡಣೆ ಎಂದರೆ ಎಕ್ಸೆಲ್‌ನಂತಹ ತಂತ್ರಾಂಶದ ಕೋಷ್ಟಕವನ್ನು, ಮೂಲ ಕಡತದೊಂದಿಗಿನ ಸಂಬಂಧ ಕಡಿಯದಂತೆ, ಪವರ್‌ಪಾಯಿಂಟ್ ಸ್ಲೈಡಿನಲ್ಲಿ ತೋರಿಸುವ ವಿಧಾನ. ಮೈಕ್ರೋಸಾಫ್ಟ್ 1990ರಲ್ಲಿ ಪರಿಚಯಿಸಿದ ಓಎಲ್‌ಇ ತಂತ್ರಜ್ಞಾನ ಇದಕ್ಕೆ ಆಧಾರವಾಗಿದೆ.

ವಿಧಾನ
ಎಕ್ಸೆಲ್ ಕಡತವನ್ನು ಉಳಿಸಿ, ಬೇಕಾದ ಕೋಶಗಳನ್ನು ನಕಲಿಸಿ, ಪವರ್‌ಪಾಯಿಂಟ್‌ನ ‘ಪೇಸ್ಟ್ ಸ್ಪೆಷಲ್’ನಲ್ಲಿ ‘ಪೇಸ್ಟ್ ಲಿಂಕ್’ ಆಯ್ದುಕೊಳ್ಳಬೇಕು.

ಉದಾಹರಣೆ
ಶಿರಸಿ, ಸಿದ್ದಾಪುರ, ಯಲ್ಲಾಪುರ ಭಾಗದಲ್ಲಿ ಅಡಿಕೆ ಧಾರಣೆ ಆಗಾಗ ಬದಲಾಗುತ್ತದೆ. ಚಾಲಿ, ರಾಶಿ ದರಗಳ ಕೋಷ್ಟಕವನ್ನು ಬೆಳೆಗಾರರ ಸಭೆಯ ಸ್ಲೈಡಿಗೆ ಜೋಡಿಸಿದ್ದರೆ, ಮೂಲದಲ್ಲಿ ದರ ತಿದ್ದಿ ಉಳಿಸಿ, ಪ್ರಸ್ತುತಿಯನ್ನು ತೆರೆಯುವಾಗ ‘ಅಪ್‌ಡೇಟ್ ಲಿಂಕ್ಸ್’ ಒತ್ತಿದರೆ ಹೊಸ ದರ ಕಾಣುತ್ತದೆ.

ಮಿತಿ
ಸ್ಲೈಡಿನಲ್ಲಿ ಉಳಿಯುವುದು ಮೂಲ ಕಡತದ ವಿಳಾಸ ಹಾಗೂ ಕೊನೆಯ ಬಾರಿ ಕಂಡ ಚಿತ್ರ ಮಾತ್ರ. ಪ್ರಸ್ತುತಿಯನ್ನಷ್ಟೇ ಪೆನ್‌ಡ್ರೈವ್‌ನಲ್ಲಿ ಒಯ್ದರೆ ಸಭೆಯ ಮುಂದೆ ಹಳೆಯ ದರವೇ ಮೂಡುತ್ತದೆ. ಆದುದರಿಂದ ಮೂಲ ಕಡತವನ್ನೂ ಒಯ್ದು, ‘ಎಡಿಟ್ ಲಿಂಕ್ಸ್ ಟು ಫೈಲ್ಸ್’ನಲ್ಲಿ ಅದರ ಹೊಸ ಸ್ಥಳವನ್ನು ಸೂಚಿಸಬೇಕಾಗುತ್ತದೆ.