ಆಟದ ಹಲಗೆಯ ಚಿತ್ರ: ವಜ್ರಲೇಪದಿಂದ ಪಿನ್‌ಬಾಲ್‌ವರೆಗೆ

ಪಿನ್‌ಬಾಲ್ ಯಂತ್ರದ ಆಟದ ಹಲಗೆಗೆ ತನಗೆ ಬೇಕಾದ ಚಿತ್ರವನ್ನು ಹಾಕಿಸಿಕೊಳ್ಳಬೇಕೆನ್ನುವವನ ಮುಂದೆ ಇಂದು ನಾಲ್ಕಾರು ದಾರಿಗಳಿವೆ. ಕೈಯಲ್ಲಿ ಬರೆಯಿಸಬಹುದು, ಪರದೆ ಮುದ್ರಣ ಮಾಡಿಸಬಹುದು, ಮರದ ಮೇಲೆ ನೇರವಾಗಿ ಯುವಿ ಶಾಯಿಯಲ್ಲಿ ಮುದ್ರಿಸಬಹುದು, ವಿನೈಲ್ ಅಥವಾ ಪಾಲಿಕಾರ್ಬೊನೇಟ್ ಹಾಳೆಯನ್ನು ಹೊದಿಸಬಹುದು. ಯಂತ್ರ ಅಮೆರಿಕದ್ದಾದರೂ ಅದರ ಚಿತ್ರಕಾರನನ್ನು ಕಾಡುವ ತೊಡಕು ನಮ್ಮ ಸೀಮೆಗೆ ಹಳೆಯದು. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಯಳವಿಯಲ್ಲಿ ನಿಂತು ಸುತ್ತ ನೋಡಿದರೆ, ನೈಋತ್ಯಕ್ಕೆ ಗಂಜೀಫಾ ಎಂಬ ಆಟದ ಎಲೆಗಳ ಸಾವಂತವಾಡಿ, ದಕ್ಷಿಣಕ್ಕೆ ಜಮಖಾನೆಯ ನವಲಗುಂದ, ಅದರಾಚೆ ಬಣ್ಣದ ಮರಗೆಲಸದ ಕಿನ್ನಾಳ, ಇನ್ನೂ ದೂರಕ್ಕೆ ಮೈಸೂರು. ಈ ಕೇಂದ್ರಗಳ ಕಸುಬನ್ನು ಪಿನ್‌ಬಾಲ್ ಹಲಗೆಯ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಆಟದ ಮೇಲ್ಮೈಗೆ ಏನು ಬಳಸಬೇಕೆಂಬುದನ್ನು ಚಿತ್ರದ ಅಂದ ತೀರ್ಮಾನಿಸುವುದಿಲ್ಲ, ಅದರ ಮೇಲೆ ಬೀಳುವ ಸವೆತ ತೀರ್ಮಾನಿಸುತ್ತದೆ.

ಕೊರೆದ ಗೆರೆ, ನೇಯ್ದ ಮನೆ

ಸವೆತಕ್ಕೆ ಅತಿ ಹಳೆಯ ಉತ್ತರವೆಂದರೆ ಬಣ್ಣವನ್ನೇ ಬಿಟ್ಟುಬಿಡುವುದು. ಹಂಪಿಯ ಮಂಟಪಗಳ ಹಾಸುಗಲ್ಲಿನಲ್ಲಿ ಆಟದ ಮನೆಗಳನ್ನು ಉಳಿಯಿಂದ ಕೊರೆದಿದ್ದಾರೆ. ಸಾವಿರಾರು ಕಾಲು ತುಳಿದರೂ ಅವು ಇನ್ನೂ ಕಣ್ಣಿಗೆ ಕಾಣುತ್ತವೆ. ಪಗಡೆಯ ಹಾಸನ್ನು ಬಟ್ಟೆಯಲ್ಲಿ ಹೊಲಿದು ಮಾಡಿದ್ದು ಎರಡನೆಯ ಉತ್ತರ. ನವಲಗುಂದದ ನೇಕಾರ ಹೆಣ್ಣುಮಕ್ಕಳು ಪಗಡೆಯ ಮನೆಗಳನ್ನು ಜಮಖಾನೆಯ ವಿನ್ಯಾಸವಾಗಿಯೇ ನೇಯ್ದರು. ಇಲ್ಲೆಲ್ಲ ಚಿತ್ರ ವಸ್ತುವಿನ ಮೇಲೆ ಕೂತಿಲ್ಲ, ವಸ್ತುವಿನೊಳಗೇ ಇದೆ. ಹಾಗಾಗಿ ವಸ್ತು ಸವೆಯುವವರೆಗೂ ಚಿತ್ರ ಉಳಿಯುತ್ತದೆ. ಆದರೆ ಕಲ್ಲಿನಲ್ಲಾಗಲಿ ನೂಲಿನಲ್ಲಾಗಲಿ ದಶಾವತಾರದ ಮುಖಭಾವ ಮೂಡಿಸುವುದು ಕಷ್ಟ. ಅದಕ್ಕೆ ಕುಂಚವೇ ಬೇಕು. ಕುಂಚ ಬಂದ ಕೂಡಲೇ ಅಡಿಯ ನೆಲ, ನಡುವಿನ ಬಣ್ಣ, ಮೇಲಿನ ಕಾಪು ಎಂಬ ಮೂರು ಪದರಗಳ ಲೆಕ್ಕವೂ ಬರುತ್ತದೆ.

ನೆಲ ಮತ್ತು ಅಂಟು

ನೆಲ ಕಟ್ಟುವ ಕ್ರಮದ ವಿವರವಾದ ಬರಹ ಸಿಗುವುದು ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ. 12ನೆಯ ಶತಮಾನದ ಮೊದಲರ್ಧದಲ್ಲಿ ಆಳಿದ ಈತನ ರಾಜ್ಯದಲ್ಲಿ ಇಂದಿನ ಜತ್ತ ಪ್ರದೇಶವೂ ಸೇರಿತ್ತು. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿರುವ ಈ ಗ್ರಂಥ ಚಿತ್ರಕಲೆಯನ್ನು ಮೂರನೆಯದರಲ್ಲಿ, ಆಟಗಳನ್ನು ಐದನೆಯದರಲ್ಲಿ ಹೇಳುತ್ತದೆ. ಎಮ್ಮೆಯ ತೊಗಲನ್ನು ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ಬೇಯಿಸಿ, ಕಡ್ಡಿ ಮಾಡಿ ಒಣಗಿಸಿಟ್ಟು, ಬೇಕಾದಾಗ ನೀರಿನಲ್ಲಿ ಕರಗಿಸಿದ ಅಂಟೇ ವಜ್ರಲೇಪ. ಅದನ್ನು ಬಿಳಿಮಣ್ಣಿಗೆ ಬೆರೆಸಿ ಗೋಡೆಗೆ ಮೂರು ಸಲ ಬಳಿಯಬೇಕು, ಪ್ರತಿ ಸಲವೂ ಒಣಗಲು ಬಿಡಬೇಕು. ಇದು ಗೋಡೆಗೆ ಹೇಳಿದ ಮಾತು. ಆದರೂ ಬಣ್ಣಕ್ಕಿಂತ ಮೊದಲು ನೆಲ ಗಟ್ಟಿಯಾಗಬೇಕೆಂಬ ಶಿಸ್ತು ಮುಂದಿನ ಎಲ್ಲ ಕಸುಬುಗಳಲ್ಲೂ ಕಾಣಿಸುತ್ತದೆ.

ಕಿನ್ನಾಳದ ಚಿತ್ರಗಾರರು ತೊಗಲಿನ ಅಂಟಿನ ಜಾಗದಲ್ಲಿ ಹುಣಸೆ ಬೀಜ ಬಳಸಿದರು. ಸೆಣಬಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಕುಟ್ಟಿ ಹುಣಸೆ ಬೀಜದ ಅಂಟಿನಲ್ಲಿ ಕಲಸಿದರೆ ‘ಕಿಟ್ಟ’ ಸಿದ್ಧ. ಹಗುರ ಮರದ ಮೇಲೆ ಅದನ್ನು ಬಳಿದು, ಹತ್ತಿಬಟ್ಟೆಯ ತುಂಡು ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟ ಮೇಲೆಯೇ ಬಣ್ಣ. ಮರ ಹಿಗ್ಗಿ ಕುಗ್ಗಿದರೂ ಬಿರುಕು ಬಣ್ಣದವರೆಗೆ ಏರದಂತೆ ನಡುವೆ ನಾರಿನ ಪದರ ಇಟ್ಟದ್ದು ಈ ಕಸುಬಿನ ಜಾಣ್ಮೆ.

ಕೈಬೆವರಿಗೆ ಅರಗು

ಗಂಜೀಫಾದಲ್ಲಿ ಮೂರನೆಯ ಪದರವೇ ಮುಖ್ಯವಾಯಿತು. ಬಾಬರನ ಆತ್ಮಕಥೆಯಲ್ಲಿ 1527ರ ಪ್ರಸಂಗದಲ್ಲಿ ಉಲ್ಲೇಖವಾಗುವ ಈ ಆಟ ದಕ್ಖನ್ನಿಗೆ ಬಂದ ಮೇಲೆ 120 ಎಲೆಗಳ ದಶಾವತಾರ ಕಟ್ಟಾಗಿಯೂ ಬೆಳೆಯಿತು. ಅರಮನೆಯ ಎಲೆಗಳಿಗೆ ದಂತ, ಆಮೆಚಿಪ್ಪು. ಪೇಟೆಯ ಎಲೆಗಳಿಗೆ ಬಟ್ಟೆ, ಕಾಗದ. ಸಾವಂತವಾಡಿಯ ಚಿತಾರಿಗಳು ಹುಣಸೆ ಬೀಜದ ಅಂಟು, ಸುಣ್ಣದಂಥ ಬಿಳಿನೆಲ, ನಯವಾದ ಕಲ್ಲಿನಿಂದ ಉಜ್ಜಿದ ಮೈ, ಬಣ್ಣ, ಕೊನೆಗೆ ಅರಗು ಎಂಬ ಕ್ರಮ ಹಿಡಿದರು. ಎಲೆಯನ್ನು ಹಿಡಿಯುವ ಕೈ ಬೆವರುತ್ತದೆ. ನೀರಿಗೆ ಕರಗುವ ಅಂಟಿನಲ್ಲಿ ಕಲಸಿದ ಬಣ್ಣ ಬೆವರಿಗೆ ನಿಲ್ಲದು, ನೀರಿಗೆ ಕರಗದ ಅರಗು ಅದನ್ನು ಕಾಯುತ್ತದೆ. ಕೈಬಿಟ್ಟುಹೋಗುತ್ತಿದ್ದ ಈ ಕಸುಬನ್ನು 1970ರ ದಶಕದಲ್ಲಿ ಅಲ್ಲಿನ ರಾಜಮನೆತನದ ಶಿವರಾಮರಾಜೆ ಮತ್ತು ಸತ್ವಶೀಲಾದೇವಿ ಭೋಂಸ್ಲೆ ದಂಪತಿ ಅರಮನೆಯಲ್ಲೇ ಮತ್ತೆ ಎತ್ತಿ ನಿಲ್ಲಿಸಿದರು.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ‘ಛದ’ ಎಂಬ ಎಲೆಯಾಟಗಳನ್ನು ವಿವರಿಸಿದರು. ಅವುಗಳಲ್ಲಿ ಚಾಮುಂಡೇಶ್ವರಿ ಛದಕ್ಕೆ 320 ಎಲೆ. ಇದೇ ಮೈಸೂರಿನ ಸಾಂಪ್ರದಾಯಿಕ ಚಿತ್ರಗಳಿಗೆ ಹೊಳಪು ತಂದದ್ದು ಮಕ್ಕಿ ಸಫೇದು ಎಂಬ ಬಿಳಿ ಲೇಪವನ್ನು ಉಬ್ಬಿಸಿ ಅದರ ಮೇಲೆ ಮಾಡಿದ ಚಿನ್ನದ ಕೆಲಸ. ಆಟದ ಎಲೆಗೆ ಆ ಉಬ್ಬು ಒಗ್ಗದು. ಒಂದರ ಮೇಲೊಂದು ಜಾರಬೇಕಾದ ಎಲೆಯಲ್ಲಿ ಮೊದಲು ಕೀಳುವುದು ಉಬ್ಬಿದ ಭಾಗವೇ.

ಉಕ್ಕಿನ ಗುಂಡಿಗೆ ಪ್ಲಾಸ್ಟಿಕ್ಕು

ಮಾಂಟೇಗ್ಯೂ ರೆಡ್‌ಗ್ರೇವ್ 1871ರಲ್ಲಿ ಪಿನ್‌ಬಾಲಿನ ಪೂರ್ವರೂಪವಾದ ಬಗಾಟೆಲ್ ಹಲಗೆಗೆ ಸ್ಪ್ರಿಂಗ್ ದಂಡದ ಪೇಟೆಂಟ್ ಪಡೆದ. 1931ರಲ್ಲಿ ಗಾಟ್ಲೀಬ್ ಕಂಪನಿಯ ‘ಬ್ಯಾಫಲ್ ಬಾಲ್’ ಪೇಟೆಗಿಳಿಯಿತು. 1947ರಲ್ಲಿ ಅದೇ ಕಂಪನಿಯ ‘ಹಂಪ್ಟಿ ಡಂಪ್ಟಿ’ಗೆ ಫ್ಲಿಪ್ಪರ್‌ಗಳು ಬಂದವು. ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುವ ಅವಕಾಶ ಸಿಕ್ಕ ಮೇಲೆ ಅದು ಹಲಗೆಯ ಮೇಲೆ ಓಡಾಡುವ ಹೊತ್ತು ಹೆಚ್ಚಿತು, ಚಿತ್ರದ ಮೇಲಿನ ಹೊರೆಯೂ ಹೆಚ್ಚಿತು. ಸುಮಾರು 80 ಗ್ರಾಂ ತೂಕದ, 27 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡು ಪ್ಲೈವುಡ್ ಹಲಗೆಯ ಮೇಲೆ ಬಿದ್ದರೆ ಲೇಪದ ಅಡಿಯ ಮರವೂ ತಗ್ಗುತ್ತದೆ. ತೆಳು ಲ್ಯಾಕರ್ ಇದಕ್ಕೆ ಸಾಲಲಿಲ್ಲ. ಮುಂದೆ ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆ ಅಂಟಿಸಿದರು. ಅದು ಸವೆತ ತಡೆದರೂ ಕಿತ್ತಾಗ ಬಣ್ಣವನ್ನೂ ಎಬ್ಬಿಸಿಕೊಂಡು ಬರುತ್ತಿತ್ತು. 1980ರ ದಶಕದ ಕೊನೆಯಿಂದೀಚೆಗೆ ಗಟ್ಟಿ ಪಾಲಿಯುರೆಥೇನ್ ಪಾರದರ್ಶಕ ಲೇಪ ನೆಲೆಯೂರಿತು.

ಹಲಗೆಯ ಅತ್ಯಂತ ಸೂಕ್ಷ್ಮ ಜಾಗವೆಂದರೆ ಅಡಿಯಿಂದ ಬೆಳಕು ಹಾಯಿಸಲು ಕೂರಿಸಿದ ಪ್ಲಾಸ್ಟಿಕ್ ಬಾಣ, ವೃತ್ತಗಳ ಅಂಚು. ಮರ ಹವೆಯ ತೇವಕ್ಕೆ ಹಿಗ್ಗುತ್ತದೆ, ಪ್ಲಾಸ್ಟಿಕ್ ಅಷ್ಟಾಗಿ ಹಿಗ್ಗುವುದಿಲ್ಲ. ವರ್ಷಗಳು ಕಳೆದಂತೆ ಈ ಪ್ಲಾಸ್ಟಿಕ್ ಬಿಲ್ಲೆ ಕೂದಲೆಳೆಯಷ್ಟು ತಗ್ಗಿದರೂ ಸಾಕು, ಸುತ್ತಲಿನ ಕಪ್ಪು ಗೆರೆ ಸೀಳುತ್ತದೆ. ಮೈಸೂರಿನ ಬೀಟೆ ಮರದ ಕೆತ್ತು ಜೋಡಣೆಯಲ್ಲೂ ಬೇರೆ ಜಾತಿಯ ವಸ್ತುಗಳು ಒಂದೇ ಮಟ್ಟದಲ್ಲಿ ಕೂರಬೇಕು. ಅಲ್ಲಿಯೂ ಹಿಂದೆ ದಂತ ಇದ್ದ ಜಾಗಕ್ಕೆ, ವ್ಯಾಪಾರ ನಿಷೇಧದ ನಂತರ, ಪ್ಲಾಸ್ಟಿಕ್ ಬಂದಿದೆ.

ಆಯ್ಕೆಯ ಕ್ರಮ

ಈ ಚರಿತ್ರೆಯ ಬೆಳಕಿನಲ್ಲಿ ಇಂದಿನ ದಾರಿಗಳನ್ನು ತೂಗಿ ನೋಡಬಹುದು. ವಿನೈಲ್ ಹಾಳೆ ಅಗ್ಗ, ಕೆಲಸ ಬೇಗ. ಆದರೆ ಬಣ್ಣವನ್ನು ಹೊತ್ತ ಹಾಳೆಯೇ ಮರದ ಮೇಲೆ ಬೇರೆ ಪದರವಾಗಿ ಕೂರುತ್ತದೆ, ಅಂಚು ಎದ್ದರೆ ಗುಂಡಿನ ದಾರಿ ತಪ್ಪುತ್ತದೆ. ಪಾಲಿಕಾರ್ಬೊನೇಟ್ ಹೆಚ್ಚು ಗಟ್ಟಿ, ಆದರೆ ಹಲಗೆಯ ಮಟ್ಟವನ್ನೇ ಏರಿಸುವುದರಿಂದ ಪ್ರತಿ ತೂತನ್ನೂ ಕರಾರುವಾಕ್ಕಾಗಿ ಕತ್ತರಿಸಬೇಕು. ನೇರ ಯುವಿ ಮುದ್ರಣದಲ್ಲಿ ಬಣ್ಣದ ಅಡಿಗೆ ಬಿಳಿ ಶಾಯಿಯ ಪದರ ಹಾಕದಿದ್ದರೆ ಮರದ ಹಳದಿ ಎಲ್ಲ ಬಣ್ಣವನ್ನೂ ಮಂಕು ಮಾಡುತ್ತದೆ. ದೀಪದ ಬಿಲ್ಲೆಗಳ ಮೇಲೆ ಮಾತ್ರ ಆ ಬಿಳಿಯನ್ನು ಬಿಡಬೇಕು. ಕಾಪಿನ ವಿಷಯದಲ್ಲಿ ಅರಗು ಕೈಬೆವರಿಗೆ ಸಾಕು, ಉಕ್ಕಿಗೆ ಸಾಲದು. ಕಾರಿಗೆ ಬಳಸುವ ಎರಡು ಡಬ್ಬಿಯ ಪಾಲಿಯುರೆಥೇನ್ ಲೇಪವೇ ಬೇಕು. ಅದರ ಗಟ್ಟಿಕಾರಕದಲ್ಲಿನ ಐಸೊಸಯನೇಟ್ ಉಸಿರಿಗೆ ಅಪಾಯಕರವಾದ್ದರಿಂದ ಮನೆಯ ಪಡಸಾಲೆಯಲ್ಲಿ ಸಿಂಪಡಿಸುವ ಕೆಲಸವಲ್ಲ, ತಕ್ಕ ಮುಖವಾಡವಿರುವ ಕಾರ್ಯಾಗಾರಕ್ಕೇ ಕೊಡಬೇಕು.

ಹಣ ಕಡಿಮೆಯಿದ್ದರೆ ಚಿತ್ರದ ಬಣ್ಣಗಳಲ್ಲಿ ಉಳಿಸಬಹುದು. ಮರವನ್ನು ಮಟ್ಟ ಮಾಡುವುದರಲ್ಲಿ, ಬಿಲ್ಲೆಗಳನ್ನು ಸರಿಯಾಗಿ ಕೂರಿಸುವುದರಲ್ಲಿ, ಮೇಲಿನ ಲೇಪದಲ್ಲಿ ಉಳಿಸಲಾಗದು. ಕಿನ್ನಾಳದವರು ಕಿಟ್ಟಕ್ಕೆ, ಸಾವಂತವಾಡಿಯವರು ಅರಗಿಗೆ ಕೊಟ್ಟ ಮಹತ್ವವೇ ಇಲ್ಲೂ ಸಲ್ಲುತ್ತದೆ. ಅವರು ದುಡಿಮೆಯ ಹೆಚ್ಚು ಪಾಲನ್ನು ನೋಡುಗರ ಕಣ್ಣಿಗೆ ಬೀಳದ ಪದರಗಳಿಗೇ ಮೀಸಲಿಟ್ಟಿದ್ದರು.